ಮನೆಯ ಬಚ್ಚಲು ಮತ್ತು ಊರಿನ ಒಳಚರಂಡಿ

ಮನೆಯನ್ನು ಕಟ್ಟಿಸುವವರು ಬಾಗಿಲಿನ ಕೆತ್ತನೆಗೂ ನೆಲದ ಹೊಳಪಿಗೂ ಕೊಡುವ ಗಮನದಲ್ಲಿ ನೂರರಲ್ಲೊಂದು ಪಾಲನ್ನೂ ಬಚ್ಚಲಿನ ಕೊಳವೆಗೆ ಕೊಡುವುದಿಲ್ಲ. ನೆಲದೊಳಗೆ ಹುದುಗಿರುವ ಆ ಕೊಳವೆಯ ನೆನಪಾಗುವುದು ಅದು ಕಟ್ಟಿಕೊಂಡಾಗ ಮಾತ್ರ. ಅದರ ವಿಷಯದಲ್ಲಿ ಮನೆಯವರ ಹೊಣೆಯೆಷ್ಟು, ಊರಿನ ಹೊಣೆಯೆಷ್ಟು ಎಂಬುದನ್ನು ಕೊಂಚ ವಿಚಾರಮಾಡುವುದೇ ಈ ಲೇಖನದ ಉದ್ದೇಶ.

ಒಳಚರಂಡಿಯು ಹೊಸ ಕಾಲದ ಸೃಷ್ಟಿಯೇನೂ ಅಲ್ಲ. ಸುಮಾರು 4,500 ವರ್ಷಗಳ ಹಿಂದೆಯೇ ಮೊಹೆಂಜೊದಾರೊ ನಗರದ ಮನೆಗಳ ಬಚ್ಚಲ ನೀರು ಬೀದಿಯ ಇಟ್ಟಿಗೆ ಚರಂಡಿಗಳನ್ನು ಸೇರುತ್ತಿತ್ತು. ಲಂಡನ್ ನಗರವಾದರೋ, 1858ರ ಬೇಸಗೆಯಲ್ಲಿ ಥೇಮ್ಸ್ ನದಿಯ ದುರ್ವಾಸನೆ ಪಾರ್ಲಿಮೆಂಟನ್ನೇ ಮುತ್ತಿದ ಮೇಲೆ ಎಚ್ಚೆತ್ತು ದೊಡ್ಡ ಚರಂಡಿಗಳನ್ನು ಕಟ್ಟಿಸಿತು. ನಮ್ಮ ಬೆಂಗಳೂರಿಗೆ ನೈರ್ಮಲ್ಯದ ಪಾಠವನ್ನು ಕಲಿಸಿದ್ದು 1898ರ ಪ್ಲೇಗು. ಮುಂದೆ, 1964ರ ಕಾಯಿದೆಯ ಮೂಲಕ ಆ ನಗರದ ನೀರು ಸರಬರಾಜು ಮತ್ತು ಒಳಚರಂಡಿಗಳ ಕೆಲಸ ಒಂದು ಪ್ರತ್ಯೇಕ ಮಂಡಲಿಗೆ ಸೇರಿತು.

ಬೆಂಗಳೂರು ದಿಣ್ಣೆಯ ಮೇಲಿರುವ ಊರು. ಅಲ್ಲಿಯ ಕೊಳಚೆ ನೀರು ಬಹುಮಟ್ಟಿಗೆ ಇಳಿಜಾರಿನ ಬಲದಿಂದಲೇ ವೃಷಭಾವತಿ, ಕೋರಮಂಗಲ-ಚಲ್ಲಘಟ್ಟ ಮತ್ತು ಹೆಬ್ಬಾಳದ ಕಣಿವೆಗಳತ್ತ ಹರಿಯುತ್ತದೆ. ಮನೆಯ ಕೊಳವೆಗೂ ಇದೇ ನಿಯಮ. ನಾಲ್ಕು ಅಂಗುಲದ ಕೊಳವೆಗೆ ಅರುವತ್ತು ಅಡಿಗೆ ಒಂದು ಅಡಿಯಷ್ಟಾದರೂ ಇಳಿಜಾರಿರಬೇಕು. ಇಲ್ಲದಿದ್ದರೆ ನೀರು ಹೋಗಿ ಹೊಲಸು ಉಳಿಯುತ್ತದೆ.

ಹೊಣೆಯ ಗಡಿಯನ್ನು ಸ್ಥೂಲವಾಗಿ ಹೀಗೆ ಹೇಳಬಹುದು: ನಿವೇಶನದೊಳಗಿನ ಕೊಳವೆ, ಅಂಗಳದ ಚೇಂಬರು ಇವು ಮನೆಯ ಯಜಮಾನರವು; ಬೀದಿಯ ಮುಖ್ಯ ಕೊಳವೆ ಮಂಡಲಿಯದು. ಆದರೆ ನಮ್ಮ ತಪ್ಪು ನಮ್ಮ ಗಡಿಯಲ್ಲಿಯೇ ನಿಲ್ಲುವುದಿಲ್ಲ. ಬಾಣಲೆಯಲ್ಲಿ ಉಳಿದ ಬಿಸಿ ಜಿಡ್ಡು ಕೊಳವೆಯಲ್ಲಿ ಆರಿ ಗಟ್ಟಿಯಾಗುತ್ತದೆ; ಬಟ್ಟೆಯ ಚೂರು, ಪ್ಲಾಸ್ಟಿಕ್ಕು ಅದಕ್ಕೆ ಅಂಟಿಕೊಂಡು ಗೋಡೆಯಂತೆ ಬೆಳೆಯುತ್ತವೆ.

ಇದಕ್ಕಿಂತ ದೊಡ್ಡ ತಪ್ಪು ಮಳೆಯ ನೀರನ್ನು ಒಳಚರಂಡಿಗೆ ಬಿಡುವುದು. ತಲೆಗೆ ದಿನಕ್ಕೆ 135 ಲೀಟರು ನೀರು ಎಂಬುದು ನಗರಗಳ ಲೆಕ್ಕ. ಅದರಲ್ಲಿ ನೂರಕ್ಕೆ ಎಂಬತ್ತರಷ್ಟು ಚರಂಡಿಗೆ ಹೋದರೆ, ಐದು ಜನರ ಮನೆಯಿಂದ ದಿನಕ್ಕೆ 540 ಲೀಟರಾಯಿತು. ಅದೇ ಮನೆಯ ತಾರಸಿ 100 ಚದರ ಮೀಟರಿದ್ದು, ಒಂದು ಗಂಟೆಯಲ್ಲಿ 25 ಮಿಲಿಮೀಟರು ಮಳೆ ಬಿದ್ದರೆ 2,500 ಲೀಟರು! ನಾಲ್ಕು ದಿನಗಳಿಗೂ ಮೀರಿದ ನೀರು ಒಂದೇ ಗಂಟೆಯಲ್ಲಿ ನುಗ್ಗಿದರೆ ಕೊಳವೆ ತಾನೇ ಏನು ಮಾಡೀತು?

ಈ ಲೆಕ್ಕವನ್ನು ನಾನು ಕಲಿತದ್ದು ಪುಸ್ತಕದಿಂದಲ್ಲ. ನಮ್ಮ ಮನೆಯ ತಾರಸಿಯ ನೀರು ಬಹು ಕಾಲ ಒಳಚರಂಡಿಗೇ ಇಳಿಯುತ್ತಿತ್ತು. ಒಂದು ಮಳೆಗಾಲದ ಸಂಜೆ ಬೀದಿಯ ತಗ್ಗಿನಲ್ಲಿದ್ದ ಅಜ್ಜಿಯೊಬ್ಬರ ಬಚ್ಚಲಿನಿಂದ ಹೊಲಸು ಉಕ್ಕಿ ಅಡಿಗೆಮನೆಯವರೆಗೂ ಹರಿಯಿತು. ಆಕೆ ಯಾರನ್ನೂ ಬೈಯಲಿಲ್ಲ. “ಜೋರು ಮಳೆ ಬಂದಾಗಲೆಲ್ಲ ಹೀಗೇ ಕಣಪ್ಪ” ಎಂದಷ್ಟೇ ಹೇಳಿ ಪೊರಕೆ ಹಿಡಿದರು. ಮರುದಿನವೇ ನಮ್ಮ ತಂದೆಯವರು ಆ ಕೊಳವೆಯನ್ನು ಬೇರ್ಪಡಿಸಿದರು.

ಕೊಳವೆ ಕಟ್ಟಿಕೊಂಡರೆ ತೆಗೆಯುವವರು ಯಾರು? ಇದೇ ಮುಖ್ಯ ಪ್ರಶ್ನೆ. ಗುಂಡಿಯೊಳಗೆ ಕೊಳೆತ ವಸ್ತುವಿನಿಂದ ಹೈಡ್ರೋಜನ್ ಸಲ್ಫೈಡ್ ಎಂಬ ಅನಿಲ ಹುಟ್ಟುತ್ತದೆ. ಕೊಳೆತ ಮೊಟ್ಟೆಯ ನಾತ ಅದರ ಗುರುತು. ಆದರೆ ಪ್ರಮಾಣ ಮಿತಿಮೀರಿದಾಗ ಅದು ಮೂಗಿನ ಶಕ್ತಿಯನ್ನೇ ಕುಂದಿಸುವುದರಿಂದ, ಇಳಿದವನಿಗೆ ಅಪಾಯದ ಸುಳಿವೂ ಸಿಕ್ಕುವುದಿಲ್ಲ. ರಕ್ಷಣೆಯ ಸಾಧನಗಳಿಲ್ಲದೆ ಯಾರನ್ನೂ ಒಳಚರಂಡಿಗಾಗಲಿ ಮಲಗುಂಡಿಗಾಗಲಿ ಇಳಿಸಕೂಡದೆಂದು 2013ರ ಕಾಯಿದೆ ನಿಷೇಧಿಸಿದೆ. ಈ ನಿಷೇಧ ಸಂಸ್ಥೆಗಳಿಗೆ ಹೇಗೋ ಮನೆಯವರಿಗೂ ಹಾಗೆಯೇ. ಹೀಗೆ ಸತ್ತವರ ಕುಟುಂಬಕ್ಕೆ 30 ಲಕ್ಷ ರೂಪಾಯಿ ಪರಿಹಾರವೆಂದು ಸುಪ್ರೀಂ ಕೋರ್ಟು 2023ರಲ್ಲಿ ತೀರ್ಪಿತ್ತಿದೆ. ಪರಿಹಾರ ಹೆಚ್ಚಿತೆಂದು ಸಮಾಧಾನಪಡುವ ಮೊದಲು, ಅಂಥ ಸಾವುಗಳು ನಿಲ್ಲದಿರುವುದರಿಂದಲೇ ಆ ತೀರ್ಪು ಬೇಕಾಯಿತೆಂಬುದನ್ನು ನೆನೆಯಬೇಕು.

ಆದಕಾರಣ ಮಿತ್ರರೇ, ಜಿಡ್ಡನ್ನು ಕಾಗದದಿಂದ ಒರೆಸಿ ಕಸಕ್ಕೆ ಹಾಕೋಣ. ಮಳೆಯ ನೀರಿಗೆ ಬೇರೆ ದಾರಿ ಮಾಡೋಣ. ಚೇಂಬರಿನ ಮುಚ್ಚಳವನ್ನು ಆಗಾಗ ತೆಗೆಸಿ ನೋಡೋಣ. ಕಟ್ಟಿಕೊಂಡರೆ ಯಂತ್ರವನ್ನು ಕರೆಸೋಣ. ನಾವು ನಮ್ಮ ಬಚ್ಚಲಿಗೆ ಹಾಕುವ ಒಂದು ಚಿಂದಿ, ಕಾಣದ ಊರಿನ ಕಾಣದ ಬೀದಿಯಲ್ಲಲ್ಲ, ನಮ್ಮ ಬಾಗಿಲ ಮುಂದೆಯೇ ಒಬ್ಬನನ್ನು ಗುಂಡಿಯತ್ತ ಕರೆಯುತ್ತದೆ.