ಕೋಳಿಗೆ ಸೊಪ್ಪಿನ ಮದ್ದು: ಎಲ್ಲಿ ನಾಟುತ್ತೆ, ಎಲ್ಲಿ ನಾಟಲ್ಲ

ನಮ್ಮದು ಪಾವಗಡ ತಾಲ್ಲೂಕಿನ ತಿರುಮಣಿ ಕಡೆ. ಮಳೆ ನಂಬಿದ ಕಡ್ಲೆಕಾಯಿ ಬೇಸಾಯ. ಬೆಳೆ ಕೈಕೊಟ್ಟ ವರ್ಷ ಮನೆಯಾಕೆಯ ನಾಟಿ ಕೋಳಿಗಳೇ ಉಪ್ಪು-ಮೆಣಸಿನ ಖರ್ಚು ತೂಗಿಸಿವೆ. ಈ ಕೋಳಿಗಳಿಗೆ ಬರುವ ವೈರಸ್ ರೋಗಗಳಲ್ಲಿ ನಮಗೆ ಹೆಚ್ಚು ಕಾಟ ಕೊಟ್ಟವು ಎರಡು: ಸಿಡುಬು, ಮತ್ತು ರಾಣಿಖೇತ್ ಅನ್ನುವ ಕೊಕ್ಕರೆ ರೋಗ. ಎರಡಕ್ಕೂ ಸೊಪ್ಪಿನ ಮದ್ದೇ ಸಾಕು ಅಂತ ನಂಬಿದ್ದವನು ನಾನು.

ಸಿಡುಬಿನಲ್ಲಿ ಜುಟ್ಟು, ರೆಪ್ಪೆ, ಕೊಕ್ಕಿನ ಬುಡದಲ್ಲಿ ಗುಳ್ಳೆ ಎದ್ದು ಹಕ್ಕಳೆ ಕಟ್ಟುತ್ತದೆ. ಒಂದು ಹಿಡಿ ಬೇವಿನೆಲೆ, ನಾಲ್ಕೆಸಳು ಬೆಳ್ಳುಳ್ಳಿ, ಒಂದು ಚಮಚ ಅರಿಶಿನ ನುಣ್ಣಗೆ ಅರೆದು ಬೆಣ್ಣೆಯಲ್ಲಿ ಕಲಸಿ, ಕಣ್ಣೊಳಗೆ ಹೋಗದಂತೆ ದಿನಕ್ಕೆರಡು ಸಲ ಹಚ್ಚುತ್ತೇವೆ. ನೊಣ ಕೂರುವುದು, ಕೀವಾಗುವುದು ಕಡಿಮೆ. ಮೂರ್ನಾಲ್ಕು ವಾರದಲ್ಲಿ ಹಕ್ಕಳೆ ಉದುರುತ್ತದೆ. ಮದ್ದು ವೈರಸ್ಸನ್ನು ಕೊಂದಿತು ಅಂತಲ್ಲ. ಕೋಳಿ ತಾನಾಗಿ ಚೇತರಿಸಿಕೊಳ್ಳೋ ತನಕ ಗಾಯ ಕಾಯುತ್ತೆ, ಅಷ್ಟೇ. ರೆಪ್ಪೆ ಅಂಟಿ ಕಣ್ಣು ಮುಚ್ಚಿದ ಮರಿಗೆ ಕೈಯಾರೆ ನೀರು, ರಾಗಿ ಅಂಬಲಿ ಕುಡಿಸಲೇಬೇಕು. ಇಲ್ಲದಿದ್ದರೆ ಸಿಡುಬಿಗಿಂತ ಮೊದಲು ಹಸಿವೇ ಕೊಲ್ಲುತ್ತದೆ. ಈ ರೋಗವನ್ನು ಸೊಳ್ಳೆ ಹರಡುವುದರಿಂದ ಗೂಡಿನ ಸುತ್ತ ನೀರು ನಿಲ್ಲಬಾರದು.

ಕೊಕ್ಕರೆ ರೋಗದ ಕತೆ ಬೇರೆ. ಒಂದು ಬೇಸಿಗೆಯಲ್ಲಿ ಸಂತೆಯಿಂದ ಹುಂಜ ತಂದು ಗುಂಪಿಗೆ ಬಿಟ್ಟೆ. ಎರಡೇ ದಿನಕ್ಕೆ ಅದು ಹಸಿರು ಹಿಕ್ಕೆ ಹಾಕಿ, ಬಾಯಿ ತೆರೆದು ಉಸಿರೆಳೆಯತೊಡಗಿತು. ವಾರದೊಳಗೆ ಮಿಕ್ಕವಕ್ಕೂ ತಗುಲಿತು. ನೆಲನೆಲ್ಲಿ, ಜೀರಿಗೆ, ಮೆಣಸು, ಅರಿಶಿನ ಅರೆದು ಉಂಡೆ ಮಾಡಿ ನುಂಗಿಸಿದೆ. ಕತ್ತು ತಿರುಚಿಕೊಂಡು ಒಂದೊಂದೇ ಬಿದ್ದವು. 22ರಲ್ಲಿ ಉಳಿದದ್ದು 3. ಮಗಳ ಓದಿನ ಖರ್ಚಿಗೆ ಅಂತ ಬೆಳೆಸಿದ್ದ ಹೇಟೆಗಳು. "ನಿಮ್ಮ ಉಂಡೆ ನುಂಗಿದ್ವೂ ಸತ್ವು, ನುಂಗದವೂ ಸತ್ವು" ಅಂದಳು ಮನೆಯಾಕೆ. ನಾನು ಸುಮ್ಮನಾದೆ.

ಈ ರೋಗ ಬಂದ ಮೇಲೆ ಗುಣಪಡಿಸೋ ಮದ್ದಿಲ್ಲ. ಬರೋಕೆ ಮುಂಚೆ ಲಸಿಕೆ ಇದೆ. ಮರಿಗೆ 5ರಿಂದ 7 ದಿನದೊಳಗೆ ಲಸೋಟ, ಕಣ್ಣಿಗೋ ಮೂಗಿಗೋ ಒಂದು ಹನಿ. 4ನೇ ವಾರ ಮತ್ತೊಮ್ಮೆ. 8ನೇ ವಾರ ಆರ್-2ಬಿ, ಅರ್ಧ ಎಂ.ಎಲ್., ರೆಕ್ಕೆಯಡಿ ಚರ್ಮದ ಕೆಳಗೆ. ಕಾಯಿಲೆ ಕೋಳಿಗೆ ಹಾಕಬಾರದು. ಒಂದು ಸೀಸೆ ನೂರು ಕೋಳಿಗೆ ಆಗುತ್ತದೆ, ಒಬ್ಬರಿಗೆ ಜಾಸ್ತಿ. ಅದಕ್ಕೆ ನಾವು ಆರು ಮನೆಯವರು ಸೇರಿ ತರುತ್ತೇವೆ. ಐಸ್ ಹಾಕಿದ ಥರ್ಮಾಸಿನಲ್ಲೇ ತರಬೇಕು, ಜೇಬಲ್ಲಿಟ್ಟು ಬಿಸಿಲಲ್ಲಿ ತಂದರೆ ಬರೀ ನೀರು ಹಾಕಿದಂಗೆ. ಬೆಳಗಿನ ತಂಪಲ್ಲಿ, ಕಲಸಿದ ಎರಡು ಗಂಟೆಯೊಳಗೆ ಮುಗಿಸುತ್ತೇವೆ. ಮೊದಲ ಸಲ ಪಶು ಆಸ್ಪತ್ರೆಯವರ ಕೈಲಿ ಹಾಕಿಸಿ ನೋಡಿ ಕಲಿಯುವುದು ಒಳ್ಳೆಯದು.

ಸಂತೆ ಕೋಳಿಯನ್ನು ಈಗ 15 ದಿನ ಬೇರೆ ಕಟ್ಟುತ್ತೇನೆ. ರೋಗದಿಂದ ಸತ್ತದ್ದನ್ನು ತಿಪ್ಪೆಗೆ ಎಸೆಯದೆ, ನಾಯಿ ಕೆದಕದಷ್ಟು ಆಳಕ್ಕೆ ಸುಣ್ಣ ಹಾಕಿ ಹೂಳುತ್ತೇನೆ.