ಅಜ್ಜಿಯ ಮೊಣಕಾಲು, ಎಡದಂಡೆ ಕಾಲುವೆ ಮತ್ತು ಒಂದು ಸಣ್ಣ ಮಾಡೆಲ್

ನಮ್ಮ ಮನೆ ಸಿಂಧನೂರಿನಲ್ಲಿ, ಅಜ್ಜಿ ಇರೋದು ಮಸ್ಕಿ ಹತ್ತಿರದ ಹಳ್ಳಿಯಲ್ಲಿ. ನಾನು ಹುಟ್ಟೋ ಮೊದಲು, 2006ರಲ್ಲಿ, ಅಜ್ಜಿಗೆ ಚಿಕೂನ್‌ಗುನ್ಯಾ ಬಂದಿತ್ತು. ಆ ವರ್ಷ ಕರ್ನಾಟಕ ಒಂದರಲ್ಲೇ ಏಳೂವರೆ ಲಕ್ಷ ಶಂಕಿತ ಪ್ರಕರಣಗಳು ದಾಖಲಾದವು. ಅಜ್ಜಿಯ ಜ್ವರ ಒಂದೇ ವಾರಕ್ಕೆ ಹೋಯ್ತು. ಕೀಲುನೋವು ಮಾತ್ರ ಎರಡು ವರ್ಷ ಬಿಡಲಿಲ್ಲ. ಈಗಲೂ ಆಗಾಗ ಮೊಣಕಾಲು ಬಾಯುತ್ತದೆ. ಕಳೆದ ರಜೆಯಲ್ಲಿ ಅಜ್ಜಿ ಕೇಳಿದರು: "ಜ್ವರ ಆವಾಗ್ಲೇ ಹೋತಲ್ಲಪ್ಪಾ, ಬ್ಯಾನಿ ಯಾಕ ಹೋಗವಲ್ದು?"

ನನ್ನ ಹತ್ರ ಉತ್ತರ ಇರಲಿಲ್ಲ. ಪಿಯುಸಿ ಬಯಾಲಜಿಯಲ್ಲಿ ಉರಿಯೂತದ ಚಿತ್ರ ಬಿಡಿಸಿದ್ದೆ. ಒಂದು ಅಣುವಿನಿಂದ ಇನ್ನೊಂದಕ್ಕೆ ಬಾಣ, ಅಲ್ಲಿಂದ ಮತ್ತೊಂದಕ್ಕೆ ಬಾಣ. ಯಾರು ಯಾರನ್ನ ಎಬ್ಬಿಸ್ತಾರೆ ಅಂತ ಬಾಣ ಹೇಳುತ್ತೆ. ಎಷ್ಟು ಹೊತ್ತಿಗೆ, ಎಷ್ಟು ಹೊತ್ತು ಅನ್ನೋದನ್ನ ಹೇಳಲ್ಲ. ಅಜ್ಜಿ ಕೇಳಿದ್ದು ಈ ಎರಡನೇ ಪ್ರಶ್ನೆ. ಅದಕ್ಕೆ ಮಾಡೆಲ್ ಬೇಕು.

ಮೊದಲು ಪಾತ್ರಗಳ ಪರಿಚಯ. ಜೀವಕೋಶದೊಳಗೆ ಎನ್‌ಎಫ್-ಕಪ್ಪಾ-ಬಿ ಅನ್ನೋ ಪ್ರೋಟೀನ್ ಇದೆ. 1986ರಲ್ಲಿ ರಂಜನ್ ಸೇನ್ ಮತ್ತು ಡೇವಿಡ್ ಬಾಲ್ಟಿಮೋರ್ ಇದನ್ನು ಗುರುತಿಸಿದರು. ಸಾಮಾನ್ಯವಾಗಿ ಐ-ಕಪ್ಪಾ-ಬಿ ಅನ್ನೋ ಇನ್ನೊಂದು ಪ್ರೋಟೀನ್ ಇದನ್ನು ಹಿಡಿದಿಟ್ಟಿರುತ್ತೆ. ಸೋಂಕೋ ಗಾಯವೋ ಆದಾಗ ಟಿಎನ್‌ಎಫ್ ಥರದ ಸಂಕೇತ ಬರುತ್ತೆ, ಹಿಡಿದಿಟ್ಟಿದ್ದ ಪ್ರೋಟೀನ್ ನಾಶವಾಗುತ್ತೆ, ಎನ್‌ಎಫ್-ಕಪ್ಪಾ-ಬಿ ಕೋಶಕೇಂದ್ರಕ್ಕೆ ಹೋಗಿ ಉರಿಯೂತದ ಜೀನ್‌ಗಳನ್ನು ಆನ್ ಮಾಡುತ್ತೆ. ಮಜಾ ಏನಂದ್ರೆ, ಅದು ಆನ್ ಮಾಡೋ ಜೀನ್‌ಗಳಲ್ಲಿ ಐ-ಕಪ್ಪಾ-ಬಿಯ ಜೀನ್ ಕೂಡ ಒಂದು. ತನ್ನ ಬ್ರೇಕನ್ನು ತಾನೇ ತಯಾರಿಸಿಕೊಳ್ಳುತ್ತೆ. ನಾವು ಕಂಟ್ರೋಲ್ ಸಿಸ್ಟಮ್ಸ್‌ನಲ್ಲಿ ಓದೋ ನೆಗೆಟಿವ್ ಫೀಡ್‌ಬ್ಯಾಕ್ ಇದೇ.

ಆದರೆ ಬ್ರೇಕ್ ತಕ್ಷಣ ಸಿಗಲ್ಲ. ಮೊದಲು ಆರ್‌ಎನ್‌ಎ ಆಗಬೇಕು, ಆಮೇಲೆ ಪ್ರೋಟೀನ್. ನಮ್ಮ ಕಡೆಯವರಿಗೆ ಇದು ಗೊತ್ತಿರೋ ಕಥೆ. ತುಂಗಭದ್ರಾ ಎಡದಂಡೆ ಕಾಲುವೆಗೆ ಡ್ಯಾಮ್‌ನಲ್ಲಿ ನೀರು ಬಿಟ್ಟ ತಕ್ಷಣ ಕೊನೆ ಭಾಗದ ಗದ್ದೆಗೆ ನೀರು ಬರಲ್ಲ. ಬರಲಿಲ್ಲ ಅಂತ ಗೇಟು ಇನ್ನೂ ಎತ್ತಿದರೆ ಆಮೇಲೆ ಒಮ್ಮೆಲೇ ಹೆಚ್ಚಾಗಿ ಬರುತ್ತೆ. ಹೆಚ್ಚಾಯ್ತು ಅಂತ ಇಳಿಸಿದರೆ ಮತ್ತೆ ಒಣಗುತ್ತೆ.

ಇದನ್ನ ಪೆನ್ನು-ಪೇಪರ್‌ನಲ್ಲಿ ಮಾಡಿ ನೋಡೋಣ. ಎಕ್ಸ್ ಅಂದ್ರೆ ಕೆಲಸ ಮಾಡ್ತಿರೋ ಎನ್‌ಎಫ್-ಕಪ್ಪಾ-ಬಿ, ವೈ ಅಂದ್ರೆ ಬ್ರೇಕ್. ಎರಡೇ ನಿಯಮ:

1. ಎಕ್ಸ್ = 100 − ವೈ. ಸೊನ್ನೆಗಿಂತ ಕೆಳಗೆ ಬಂದರೆ ಸೊನ್ನೆ ಅಂತ ಇಟ್ಕೊಳ್ಳಿ.
2. ಮುಂದಿನ ವೈ = ಈಗಿನ ವೈಯ ಅರ್ಧ + ಈಗಿನ ಎಕ್ಸ್.

ವೈ ಸೊನ್ನೆಯಿಂದ ಶುರು ಮಾಡಿ. ಎಕ್ಸ್ ಹೀಗೆ ಬರುತ್ತೆ: 100, 0, 50, 25, 37.5... ಸ್ವಲ್ಪ ಕುಣಿದು 33ರ ಹತ್ತಿರ ನಿಲ್ಲುತ್ತೆ.

ಈಗ ಎರಡನೇ ನಿಯಮದಲ್ಲಿ ಒಂದೇ ಬದಲಾವಣೆ. ಈಗಿನ ಎಕ್ಸ್ ಬದಲು ಎರಡು ಹೆಜ್ಜೆ ಹಿಂದಿನ ಎಕ್ಸ್ ಹಾಕಿ (ಶುರುವಿಗೆ ಮುಂಚಿನದೆಲ್ಲ ಸೊನ್ನೆ). 100, 100, 100, 0, 0, 0, 12.5, 56, 78, 77, 32, 0... ಇದು ನಿಲ್ಲೋದೇ ಇಲ್ಲ, ಏರಿಳಿತಾನೇ ಇರುತ್ತೆ. ಬ್ರೇಕಿನ ಬಲ ಅಷ್ಟೇ ಇದೆ, ತಡ ಮಾತ್ರ ಸೇರಿದೆ. ಬರೀ ಬಾಣದ ಚಿತ್ರ ನೋಡಿ ಇದನ್ನ ಹೇಳೋಕಾಗಲ್ಲ.

ಇದು ಆಟದ ಮಾಡೆಲ್. ನಿಜವಾದದ್ದನ್ನು 2002ರಲ್ಲಿ ಹಾಫ್‌ಮನ್, ಲೆವ್‌ಚೆಂಕೊ, ಸ್ಕಾಟ್ ಮತ್ತು ಬಾಲ್ಟಿಮೋರ್ ಡಿಫರೆನ್ಷಿಯಲ್ ಈಕ್ವೇಷನ್‌ಗಳಲ್ಲಿ ಬರೆದು, ಜೀವಕೋಶಗಳಲ್ಲಿ ಅಳೆದ ಫಲಿತಾಂಶದ ಜೊತೆ ಹೋಲಿಸಿದರು. ಕೇವಲ 5 ನಿಮಿಷ ಟಿಎನ್‌ಎಫ್ ಕೊಟ್ಟರೂ ಎನ್‌ಎಫ್-ಕಪ್ಪಾ-ಬಿ ಸುಮಾರು ಒಂದು ಗಂಟೆ ಕೆಲಸ ಮಾಡುತ್ತಿತ್ತು. ಕೆಲವು ಜೀನ್‌ಗಳು ಈ ಚಿಕ್ಕ ಸಂಕೇತಕ್ಕೇ ಎದ್ದವು, ಕೆಲವು ದೀರ್ಘ ಸಂಕೇತ ಬಂದರೆ ಮಾತ್ರ ಎದ್ದವು. 2004ರಲ್ಲಿ ಇನ್ನೊಂದು ತಂಡ ಜೀವಂತ ಕೋಶಗಳನ್ನು ಒಂದೊಂದಾಗಿ ಮೈಕ್ರೋಸ್ಕೋಪ್‌ನಲ್ಲಿ ನೋಡಿ, ಸುಮಾರು 100 ನಿಮಿಷಕ್ಕೊಮ್ಮೆ ಆಗೋ ಏರಿಳಿತವನ್ನು ತೋರಿಸಿತು.

ಇಂಥ ಕೆಲಸ ನಮ್ಮ ರಾಜ್ಯದಲ್ಲೂ ನಡೆದಿದೆ. ಬೆಂಗಳೂರಿನ ಎನ್‌ಸಿಬಿಎಸ್‌ನ ಉಪಿಂದರ್ ಭಲ್ಲಾ, ರವಿ ಅಯ್ಯಂಗಾರ್ ಜೊತೆ 1999ರಲ್ಲಿ ಒಂದು ಪ್ರಬಂಧ ಪ್ರಕಟಿಸಿದರು. ಅವರು ನೋಡಿದ್ದು ಉರಿಯೂತವನ್ನಲ್ಲ, ನರಕೋಶದ ಸಂಕೇತಗಳನ್ನು. ಆದರೆ ಅದರಲ್ಲಿ ಬಂದ ಮಾತು ಅಜ್ಜಿ ಪ್ರಶ್ನೆಗೆ ಹತ್ತಿರ: ಸಂಕೇತಗಳ ನಡುವೆ ಪಾಸಿಟಿವ್ ಫೀಡ್‌ಬ್ಯಾಕ್ ಇದ್ದರೆ, ಮೊದಲ ಸಂಕೇತ ಹೋದ ಮೇಲೂ ವ್ಯವಸ್ಥೆ ಆನ್ ಆಗಿಯೇ ಉಳಿಯಬಹುದು. ಉರಿಯೂತದಲ್ಲೂ ಅಂಥ ಸುತ್ತು ಇದೆ. ಟಿಎನ್‌ಎಫ್ ಎನ್‌ಎಫ್-ಕಪ್ಪಾ-ಬಿಯನ್ನು ಎಬ್ಬಿಸುತ್ತೆ, ಅದು ಮತ್ತೆ ಟಿಎನ್‌ಎಫ್ ಮಾಡಿಸುತ್ತೆ. ಅಜ್ಜಿಯ ಮೊಣಕಾಲಲ್ಲಿ ಆಗಿದ್ದು ಇಷ್ಟೇ ಅಂತ ನಾನು ಹೇಳ್ತಿಲ್ಲ. ಆದರೆ ಕಾರಣ ಹೋದ ಮೇಲೂ ಬಾವು ಉಳಿಯೋದು ವಿಚಿತ್ರ ಅಲ್ಲ ಅಂತ ಈಗ ಹೇಳಬಲ್ಲೆ.

ಇನ್ನೊಂದು ವಿಷಯ. ಅಜ್ಜಿಯ ಚೀಲದಲ್ಲಿ ಚೀಟಿ ಇಲ್ಲದೆ ತಂದ ಗುಳಿಗೆ ಸಿಕ್ಕಿತು. ಹೆಸರು ಹುಡುಕಿದರೆ ಸ್ಟೀರಾಯ್ಡ್. "ಇದು ತಗೊಂಡ್ರ ಹಗುರ ಆಗತೈತಿ" ಅಂದರು. ನಿಜ, ಎನ್‌ಎಫ್-ಕಪ್ಪಾ-ಬಿಯ ಕೆಲಸವನ್ನು ಸ್ಟೀರಾಯ್ಡ್ ತಗ್ಗಿಸುತ್ತೆ. ಆದರೆ ಅಲ್ಲೂ ಒಂದು ಫೀಡ್‌ಬ್ಯಾಕ್ ಇದೆ, ಅದರಲ್ಲೂ ತಡ ಇದೆ. ಹೊರಗಿಂದ ಬಹಳ ದಿನ ಸ್ಟೀರಾಯ್ಡ್ ಬಂದರೆ ದೇಹ ತನ್ನ ಕಾರ್ಟಿಸಾಲ್ ತಯಾರಿಕೆಯನ್ನು ಇಳಿಸುತ್ತೆ. ಗುಳಿಗೆ ಒಮ್ಮೆಲೇ ಬಿಟ್ಟರೆ ಆ ತಯಾರಿಕೆ ತಕ್ಷಣ ಶುರುವಾಗಲ್ಲ. ಅದು ಜೀವಕ್ಕೇ ಅಪಾಯ ಆಗಬಹುದು.

ಅದಕ್ಕೇ ನಾನು "ಬಿಟ್ಟುಬಿಡಜ್ಜಿ" ಅನ್ನಲಿಲ್ಲ. ಬಸ್ಸು ಹತ್ತಿಸಿ ಲಿಂಗಸುಗೂರಿಗೆ ಕರ್ಕೊಂಡು ಹೋದೆ. ಡಾಕ್ಟರು ಗುಳಿಗೆ ನೋಡಿ, ಎಷ್ಟು ದಿನದಿಂದ ಅಂತ ಕೇಳಿ, ವಾರವಾರಕ್ಕೆ ಸ್ವಲ್ಪ ಸ್ವಲ್ಪ ಕಡಿಮೆ ಮಾಡೋ ಹಾಗೆ ಚೀಟಿ ಬರೆದುಕೊಟ್ಟರು. ವಾಪಸ್ ಬರುವಾಗ ಅಜ್ಜಿ, "ಒಮ್ಮೆಲೇ ಯಾಕ ಬಿಡಬಾರ್ದಂತ?" ಅಂದರು. ಕಾಲುವೆ ಗೇಟಿನ ಕಥೆ ಹೇಳಿದೆ. "ಹಂಗನ್ನು ಮತ್ತ" ಅಂದು ಚೀಟಿ ಮಡಚಿ ಸೆರಗಿಗೆ ಕಟ್ಟಿಕೊಂಡರು.

ನಿಮ್ಮ ಮನೆಯಲ್ಲೂ ಇಂಥ ಗುಳಿಗೆ ಇದ್ದರೆ, ಈ ರಜೆಯಲ್ಲಿ ಒಮ್ಮೆ ಅದರ ಹೆಸರು ಓದಿ.