ಚಾರ್ಜ್ 80ಕ್ಕೆ ನಿಂತಿದೆಯೇ?

ಲ್ಯಾಪ್‌ಟಾಪ್‌ನ ಹೊಸ ಬ್ಯಾಟರಿಗೆ ಈಗಲೇ ದುಡ್ಡು ಸುರಿಯಬೇಡಿ, ಮೇಡಂ. ಚಾರ್ಜ್ ಸರಿಯಾಗಿ ಶೇ 80ಕ್ಕೆ ನಿಲ್ಲುತ್ತಿದೆ ಎಂದರೆ, ಬ್ಯಾಟರಿ ಬಾಳಿಕೆಗೆಂದು ಕಂಪನಿಯವರೇ ಕೊಟ್ಟಿರುವ ಮಿತಿ ಆನ್ ಆಗಿರುವ ಸಾಧ್ಯತೆಯೇ ಹೆಚ್ಚು. ಲ್ಯಾಪ್‌ಟಾಪ್ ಜೊತೆ ಬಂದ ಆ್ಯಪ್‌ನ ಬ್ಯಾಟರಿ ಸೆಟ್ಟಿಂಗ್‌ನಲ್ಲಿ ಅದನ್ನು ತೆಗೆಯಬಹುದು. ಸದಾ ಪ್ಲಗ್‌ನಲ್ಲೇ ಇಡುವುದಾದರೆ ಹಾಗೇ ಬಿಡಿ. ಲಿಥಿಯಂ ಬ್ಯಾಟರಿ ಯಾವಾಗಲೂ ತುಂಬಿದ್ದರೆ ಬೇಗ ಸವೆಯುತ್ತದೆ. ಫೋನಿನ 20 ವ್ಯಾಟ್ ಚಾರ್ಜರ್ ಮಾತ್ರ ಬೇಡ, 65 ವ್ಯಾಟ್ ಬೇಡುವ ಯಂತ್ರಕ್ಕೆ ಅದು ಸಾಲದು.

ಟಚ್‌ಪ್ಯಾಡ್ ಉಬ್ಬಿದಂತೆ ಕಂಡರೆ ತಡಮಾಡದೆ ಪ್ಲಗ್ ತೆಗೆದು, ಆಫ್ ಮಾಡಿ, ಸರ್ವಿಸ್ ಸೆಂಟರ್‌ಗೆ ಒಯ್ಯಿರಿ. ಉಬ್ಬಿದ ಬ್ಯಾಟರಿಗೆ ಬೆಂಕಿ ಹೊತ್ತಿಕೊಳ್ಳಬಹುದು.

ಇನ್ನು ಲ್ಯಾಪ್‌ಟಾಪ್‌ನಲ್ಲಿ ಸೌಂಡ್ ಬಾರದಿರುವ ವಿಷಯ. ಮೊದಲು ಬ್ಲೂಟೂತ್ ಆಫ್ ಮಾಡಿ ನೋಡಿ. ಪಕ್ಕದ ಕೋಣೆಯಲ್ಲಿರುವ ಇಯರ್‌ಫೋನ್‌ಗೆ ಶಬ್ದ ಹೋಗುತ್ತಿರಬಹುದು. ಆಗಲೂ ಬಾರದಿದ್ದರೆ ಗಡಿಯಾರದ ಪಕ್ಕದ ಸ್ಪೀಕರ್ ಚಿತ್ರ ಒತ್ತಿ, ಪಟ್ಟಿಯಲ್ಲಿ ಲ್ಯಾಪ್‌ಟಾಪ್‌ನ ಸ್ಪೀಕರನ್ನೇ ಆರಿಸಿ.